ಬಾಲನಟಿಯ ಬೆಳವಣಿಗೆ: ಬೇಬಿ ಶ್ರೀದೇವಿಯಿಂದ ಶ್ರೀದೇವಿಯವರೆಗೆ

ನಟವರ್ಗದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅರಳಿದ ಹೂವನ್ನು ಕುರಿತು ಬರೆದಿರುವರು. ಮೊಗ್ಗನ್ನು ಕುರಿತು ಬರೆದುದು ಅತ್ಯಲ್ಪ. ನಾಯಕ ನಾಯಕಿಯರ ಕೀರ್ತಿ ಗ್ರಂಥಗಳಲ್ಲಿ ನಿಲ್ಲುವುದು. ಅದೇ ನಾಯಕಿ ನಾಲ್ಕೈದು ವರುಷದ ಕೂಸಾಗಿದ್ದಾಗ ದೀಪದ ಬೆಳಕಿನಲ್ಲಿ ನಿಂತು ಕಲಿತುದೇನು, ಕಳೆದುಕೊಂಡುದೇನು ಎಂಬ ವಿಚಾರ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುವುದು. ಆದರೆ ಬಾಲನಟಿಯು ಪ್ರೌಢ ಪಾತ್ರಗಳಿಗೆ ಬೆಳೆದು ಬರುವ ಬಗೆ ಕೇವಲ ಮನರಂಜನೆಯ ಮಾತಲ್ಲ. ಒಂದು ಸಮಾಜ ತನ್ನ ಹೆಣ್ಣುಮಕ್ಕಳ ಬಾಲ್ಯಕ್ಕೆ ಎಷ್ಟು ವರುಷಗಳ ಅವಕಾಶವನ್ನು ಕೊಡುವುದು ಎಂಬ ಪ್ರಶ್ನೆ ಅದರಲ್ಲಿ ಅಡಗಿದೆ. ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನಾವು ಈ ಲೇಖನದಲ್ಲಿ ಒಬ್ಬ ನಟಿಯ ಬಾಳನ್ನು ಪರಿಶೀಲಿಸಲು ಹೊರಟಿದ್ದೇವೆ. ಆಕೆ ಶ್ರೀದೇವಿ (1963-2018).

ಶ್ರೀದೇವಿ ಕನ್ನಡತಿಯಲ್ಲ. ಹುಟ್ಟಿದುದು ತಮಿಳುನಾಡಿನಲ್ಲಿ, 1963ರ ಆಗಸ್ಟ್ 13ರಂದು. ತಂದೆ ತಮಿಳರು, ತಾಯಿ ತೆಲುಗಿನವರು. ಹೀಗಿದ್ದರೂ ಗಡಿನಾಡಿನ ಕನ್ನಡಿಗರಾದ ನಾವು ಆಕೆಯನ್ನು ಈ ಸಂಚಿಕೆಯಲ್ಲಿ ನೆನೆಯುವುದಕ್ಕೆ ಕಾರಣವಿದೆ. ಆಕೆಯ ಬೆಳವಣಿಗೆಯ ಮೂರು ಮುಖ್ಯ ಹಂತಗಳು ಮೂರು ಗಡಿ ಸೀಮೆಗಳೊಂದಿಗೆ ತಳಕು ಹಾಕಿಕೊಂಡಿವೆ. ಬಾಲ್ಯದ ಪಾತ್ರವೊಂದು ನಮ್ಮ ಪಂಢರಪುರದ ಸಂತರ ಕಥೆಯದು; ಹರೆಯದ ಪಾತ್ರ ರೂಪುಗೊಂಡುದು ಕೊಳ್ಳೇಗಾಲದ ಕಡೆಯಲ್ಲಿ; ಪ್ರೌಢಿಮೆಯ ಪಾತ್ರ ನೀಲಗಿರಿಯ ಕೇತಿಯಲ್ಲಿ. ಈ ಮೂರು ನಿಲ್ದಾಣಗಳನ್ನು ಹಿಡಿದು ನಡೆದರೆ ಹಾದಿ ಸುಲಭವಾಗುವುದು.

ಹಿಂದಿನ ಪದ್ಧತಿ

ಚಲಚ್ಚಿತ್ರ ಬರುವುದಕ್ಕೆ ಮುಂಚೆ ಬಾಲನಟರ ಗರಡಿಮನೆಯೆಂದರೆ ನಾಟಕ ಕಂಪನಿ. ಕನ್ನಡದಲ್ಲಿ ಗುಬ್ಬಿ ವೀರಣ್ಣನವರು ಎಳೆವೆಯಲ್ಲಿಯೇ ಕಂಪನಿ ಸೇರಿ ಬಾಲಪಾತ್ರಗಳಿಂದ ಮೇಲೆ ಬಂದವರು. ಅವರ ಕಂಪನಿಯಲ್ಲಿಯೇ ಮುತ್ತುರಾಜನೆಂಬ ಬಾಲಕ ತನ್ನ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಬೆನ್ನ ಹಿಂದೆ ಬಂದು ರಂಗವಿದ್ಯೆಯನ್ನು ಕಲಿತನು. ಅವನೇ ಮುಂದೆ ಡಾ. ರಾಜಕುಮಾರರಾದುದು ಸರ್ವವಿದಿತ. ಅವರ ಬಾಳಿನೊಂದಿಗೆ ಬೆಸೆದುಕೊಂಡ ಗಾಜನೂರು ಇಂದು ತಮಿಳುನಾಡಿನ ತಾಳವಾಡಿ ಸೀಮೆಯಲ್ಲಿದೆ ಎಂಬುದು ಗಡಿನಾಡಿನವರೆಲ್ಲರಿಗೂ ಅಭಿಮಾನದ ಸಂಗತಿ.

ಆ ಕಾಲದ ರಂಗಭೂಮಿಯಲ್ಲಿ ಬಹಳ ವರುಷಗಳವರೆಗೆ ಸ್ತ್ರೀಪಾತ್ರಗಳನ್ನೂ ಗಂಡಸರೇ ಧರಿಸುತ್ತಿದ್ದರು. ಮರಾಠೀ ರಂಗಭೂಮಿಯ ಬಾಲಗಂಧರ್ವರ ಹೆಸರನ್ನು ಸೊಲ್ಲಾಪುರದ ಕಡೆಯವರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ. ಕಂಪನಿಯ ಹುಡುಗನಿಗೆ ಒಂದು ಗಂಡಾಂತರವಿತ್ತು. ಹದಿನಾಲ್ಕು ಹದಿನೈದರಲ್ಲಿ ಗಂಟಲು ಒಡೆಯುವುದು, ಹಾಡು ಕೆಡುವುದು, ಆಗ ಅವನು ಪರದೆ ಎಳೆಯುವ ಕೆಲಸಕ್ಕೋ ಅಡಿಗೆಯ ಕೆಲಸಕ್ಕೋ ಸರಿಯಬೇಕು. ಇದು ಕಷ್ಟವೇ ಸರಿ. ಆದರೂ ಆ ಒಡೆದ ಗಂಟಲು ಅವನಿಗೆ ಒಂದು ಬಿಡುವನ್ನೂ ತಂದುಕೊಡುತ್ತಿತ್ತು. ಬಾಲಕನಲ್ಲದ, ಪುರುಷನೂ ಅಲ್ಲದ ಕೆಲವು ವರುಷಗಳು ಅವನಿಗೆ ಪ್ರೇಕ್ಷಕರ ಕಣ್ಣಿಗೆ ಬೀಳದೆ ಸಲ್ಲುತ್ತಿದ್ದುವು.

ಹೆಣ್ಣುಮಕ್ಕಳು ರಂಗಕ್ಕೂ ತೆರೆಗೂ ಬಂದ ಮೇಲೆ ಪರಿಸ್ಥಿತಿ ಬೇರೆಯಾಯಿತು. ಅವರ ಗಂಟಲು ಒಡೆಯುವುದಿಲ್ಲ. ಬಿಡುವಿಗೆ ನೆಪವೂ ಸಿಗುವುದಿಲ್ಲ. ಹಲವು ಮನೆಗಳಲ್ಲಿ ಆ ಬಾಲೆಯ ಸಂಪಾದನೆಯೇ ಒಲೆಗೆ ಬೆಂಕಿ. ಸಾಂಗಲಿಯಲ್ಲಿ ಬೆಳೆದ ಲತಾ ಮಂಗೇಶಕರರು 1942ರಲ್ಲಿ ತಂದೆ ದೀನಾನಾಥರನ್ನು ಕಳೆದುಕೊಂಡಾಗ ಇನ್ನೂ ಹದಿಮೂರು ತುಂಬಿರಲಿಲ್ಲ. ಅದೇ ವರುಷ ‘ಪಹಿಲೀ ಮಂಗಳಾಗೌರ’ ಎಂಬ ಮರಾಠೀ ಚಿತ್ರದಲ್ಲಿ ಬಣ್ಣ ಹಚ್ಚಿ ಮನೆಯ ಭಾರವನ್ನು ಹೊತ್ತರು. 1939ರ ‘ಲೆದರ್ ಫೇಸ್’ ಚಿತ್ರದಲ್ಲಿ ಕಾಣಿಸಿಕೊಂಡ ಬಾಲೆ ಮುಂದೆ ಮೀನಾಕುಮಾರಿಯಾದಳು. 1942ರ ‘ಬಸಂತ್’ ಚಿತ್ರದ ಬೇಬಿ ಮುಮ್ತಾಜ್ ಐದೇ ವರುಷಗಳಲ್ಲಿ, ಹದಿನಾಲ್ಕರ ಹರೆಯದಲ್ಲಿ, ‘ನೀಲ್ ಕಮಲ್’ (1947) ಚಿತ್ರದಲ್ಲಿ ರಾಜ್ ಕಪೂರರ ಎದುರು ನಾಯಕಿಯಾದಳು; ಆ ತರುವಾಯ ಮಧುಬಾಲಾ ಎಂಬ ಹೆಸರನ್ನು ಪಡೆದಳು. ‘ಬೇಬಿ’ ಎಂಬ ಮುದ್ದಿನ ಉಪಪದವನ್ನು ತೆಗೆದು ಹೊಸ ಹೆಸರನ್ನು ಇಟ್ಟುದೇ ತಡ, ಬಾಲೆ ತರುಣಿಯಾದಳೆಂದು ಎಲ್ಲರೂ ಒಪ್ಪಿಕೊಂಡರು. ಶ್ರೀದೇವಿಯ ಕಥೆ ಈ ಪರಂಪರೆಯ ಮುಂದುವರಿಕೆ.

ಮುರುಗನಿಂದ ಮುಕ್ತಾಬಾಯಿಗೆ

ಬೇಬಿ ಶ್ರೀದೇವಿ ಸುಮಾರು ನಾಲ್ಕು ವರುಷದವಳಿದ್ದಾಗಲೇ ಚಿತ್ರರಂಗವನ್ನು ಪ್ರವೇಶಿಸಿದಳು. 1969ರಲ್ಲಿ ತೆರೆಕಂಡ ‘ತುಣೈವನ್’ ಎಂಬ ತಮಿಳು ಚಿತ್ರದಲ್ಲಿ ಅವಳದು ಬಾಲ ಮುರುಗನ ಪಾತ್ರ. ಹಿಂದೆ ಹುಡುಗರು ಸೀರೆ ಉಟ್ಟು ಸ್ತ್ರೀಯರಾಗುತ್ತಿದ್ದರು. ಈಗ ಹುಡುಗಿ ವೇಲಾಯುಧ ಹಿಡಿದು ದೇವಕುಮಾರನಾದಳು. ಮುಖದಲ್ಲಿ ದೊಡ್ಡ ಕಣ್ಣುಗಳು, ನಾಲಗೆಯಲ್ಲಿ ತಡವರಿಸದ ಮಾತು, ಕಲಿಸಿದುದನ್ನು ಒಮ್ಮೆಗೇ ಹಿಡಿಯುವ ಬುದ್ಧಿ. ಇಷ್ಟಿದ್ದರೆ ನಿರ್ಮಾಪಕರು ಬಿಡುವರೆ? ತಮಿಳಿನ ಬೆನ್ನಿಗೆ ತೆಲುಗು, ಮಲೆಯಾಳ ಚಿತ್ರಗಳೂ ಬಂದುವು. 1971ರ ‘ಪೂಂಪಾಟ್ಟ’ ಎಂಬ ಮಲೆಯಾಳ ಚಿತ್ರದ ಅಭಿನಯಕ್ಕಾಗಿ ಕೇರಳ ರಾಜ್ಯದ ಬಾಲಕಲಾವಿದೆ ಪ್ರಶಸ್ತಿ ದೊರೆಯಿತು.

1974ರಲ್ಲಿ ಅವಳು ಕನ್ನಡಕ್ಕೆ ಬಂದಳು. ಹುಣಸೂರು ಕೃಷ್ಣಮೂರ್ತಿಗಳು ನಿರ್ದೇಶಿಸಿದ ‘ಭಕ್ತ ಕುಂಬಾರ’ ಚಿತ್ರದಲ್ಲಿ ರಾಜಕುಮಾರರು ಗೋರಾ ಕುಂಬಾರರು. ಬೇಬಿ ಶ್ರೀದೇವಿ ಮುಕ್ತಾಬಾಯಿ. ಈ ಕಥೆ ನಮಗೆ ಹೊರಗಿನದಲ್ಲ. ಗೋರಾ ಕುಂಬಾರರ ಊರಾದ ತೇರ, ಇಂದಿನ ಧಾರಾಶಿವ ಜಿಲ್ಲೆಯಲ್ಲಿ, ಸೊಲ್ಲಾಪುರಕ್ಕೆ ದೂರವಲ್ಲದ ಸ್ಥಳ. ಅವರ ಆರಾಧ್ಯ ದೈವವಾದ ಪಂಢರಪುರದ ವಿಠ್ಠಲ ನಮ್ಮ ಜಿಲ್ಲೆಯಲ್ಲಿಯೇ ಇಟ್ಟಿಗೆಯ ಮೇಲೆ ನಿಂತಿರುವನು. ಮರಾಠೀ ಸಂತರು ಆ ವಿಠ್ಠಲನನ್ನು ಕನ್ನಡಿಗನೆಂದೇ ಕರೆದಿರುವರು. ನಮ್ಮ ಹರಿದಾಸರೂ ಅವನ ಅಂಕಿತದಲ್ಲಿಯೇ ಹಾಡಿದರು. ಎರಡು ಭಾಷೆಗಳ ಭಕ್ತಿ ಒಂದೇ ಗುಡಿಯ ಬಾಗಿಲಲ್ಲಿ ಕೂಡಿದ ಈ ಕಥೆಯನ್ನು ಕನ್ನಡ ಚಿತ್ರ ಎತ್ತಿಕೊಂಡುದು ಸಹಜವಾಗಿಯೇ ಇತ್ತು.

ಮುಕ್ತಾಬಾಯಿ ಜ್ಞಾನದೇವರ ತಂಗಿ. ಹದಿಮೂರನೆಯ ಶತಮಾನದ ಆ ಬಾಲಯೋಗಿನಿ ಎಳೆವಯಸ್ಸಿನಲ್ಲಿಯೇ ಹಿರಿಯರಿಗೆ ಬುದ್ಧಿ ಹೇಳಿದವಳು. ಚಾಂಗದೇವನಂತಹ ಹಿರಿಯ ಯೋಗಿಗೆ ಗುರುವಾದವಳೆಂದು ಪರಂಪರೆ ಹೇಳುವುದು. ಸಂತರ ಕೂಟದಲ್ಲಿ ಯಾವ ಗಡಿಗೆ ಬೆಂದಿದೆ, ಯಾವುದು ಹಸಿಯಾಗಿದೆ ಎಂದು ನೋಡಿ ಹೇಳಿರೆಂದು ಗೋರಾ ಕಾಕಾನನ್ನು ಕೇಳಿದವಳು ಆಕೆಯೇ. ಕುಂಬಾರರು ತಮ್ಮ ತಟ್ಟುಹಲಿಗೆಯಿಂದ ಒಬ್ಬೊಬ್ಬರ ತಲೆಯ ಮೇಲೂ ಮೆಲ್ಲನೆ ತಟ್ಟಿ ನೋಡಿ, ನಾಮದೇವರ ಗಡಿಗೆ ಇನ್ನೂ ಹಸಿ ಎಂದರಂತೆ. ಈ ಕಥೆಯನ್ನು ವಾರಕರಿಗಳ ಬಾಯಿಂದ ಕೇಳದವರು ಈ ಸೀಮೆಯಲ್ಲಿ ವಿರಳ.

ಇಂತಹ ಪಾತ್ರಕ್ಕೆ ಮಗುವಿನ ಮುಖವೂ ಬೇಕು, ಮುದುಕಿಯ ಗಾಂಭೀರ್ಯವೂ ಬೇಕು. ಹನ್ನೊಂದರ ಅಂಚಿನಲ್ಲಿದ್ದ ಶ್ರೀದೇವಿಗೆ ಅದು ಒಪ್ಪಿತು. ಬಾಲನಟಿಯರ ಶಿಕ್ಷಣದ ಗುಟ್ಟೂ ಇಲ್ಲಿಯೇ ಇದೆ. ಅವರಿಗೆ ದೊರೆಯುವ ಪಾತ್ರಗಳಲ್ಲಿ ಹಲವು ದೇವರು, ಸಂತರು, ಅನಾಥರು, ಮನೆಯ ದುಃಖವನ್ನು ಹೊತ್ತವರು. ಆಟವಾಡುವ ಮಗುವಿನ ಪಾತ್ರಕ್ಕಿಂತ ಆಡಬಾರದ ವಯಸ್ಸಿನಲ್ಲಿ ದೊಡ್ಡ ಮಾತು ಆಡುವ ಮಗುವಿನ ಪಾತ್ರವೇ ಹೆಚ್ಚು. ಗಡಿಗೆ ಹಸಿಯಾಗಿರುವಾಗಲೇ ಅದರಲ್ಲಿ ನೀರು ತುಂಬುವ ಕೆಲಸವಿದು. ಅದೃಷ್ಟವಿದ್ದರೆ ನಿಲ್ಲುವುದು, ಇಲ್ಲದಿದ್ದರೆ ಕರಗುವುದು.

ಹದಿಮೂರರ ಮಲತಾಯಿ

‘ಭಕ್ತ ಕುಂಬಾರ’ ಬಂದ ಎರಡೇ ವರುಷಗಳಲ್ಲಿ, 1976ರಲ್ಲಿ, ಕೆ. ಬಾಲಚಂದರರ ‘ಮೂನ್ರು ಮುಡಿಚ್ಚು’ ತಮಿಳಿನಲ್ಲಿ ತೆರೆಕಂಡಿತು. ಅದರ ನಾಯಕಿ ಶ್ರೀದೇವಿ, ವಯಸ್ಸು ಹದಿಮೂರು. ಜೊತೆಗೆ ನಟಿಸಿದವರು ಕಮಲ ಹಾಸನ್ ಮತ್ತು ಬೆಂಗಳೂರಿನಲ್ಲಿ ಬೆಳೆದು ಬಸ್ ಕಂಡಕ್ಟರಾಗಿ ದುಡಿದು ಚಿತ್ರರಂಗಕ್ಕೆ ಹೋದ ರಜನೀಕಾಂತ್. ಕಥೆಯಲ್ಲಿ ನಾಯಕಿ ತನ್ನ ಪ್ರಿಯನ ಸಾವಿಗೆ ಕಾರಣನಾದವನ ತಂದೆಯನ್ನೇ ಮದುವೆಯಾಗಿ, ಅವನಿಗೆ ಮಲತಾಯಿಯಾಗಿ ಮನೆಯನ್ನು ಪ್ರವೇಶಿಸುವಳು. ರಜನೀಕಾಂತರು ಆಕೆಗಿಂತ ಹನ್ನೆರಡು ವರುಷಕ್ಕೂ ಮಿಕ್ಕಿ ಹಿರಿಯರು. ಆ ಹುಡುಗಿ ಅವರ ತಾಯಿಯ ಸ್ಥಾನದಲ್ಲಿ ನಿಂತು ಗದರಿಸಬೇಕು, ಗದರಿಸಿದಳು, ಪ್ರೇಕ್ಷಕರು ನಂಬಿದರು.

ಇದನ್ನು ನಟನೆಯ ಪವಾಡವೆಂದು ಹೊಗಳುವುದು ವಾಡಿಕೆ. ಪವಾಡವೇನೋ ಹೌದು. ಆದರೆ ನಾವು ಇಲ್ಲಿ ಒಂದು ಕ್ಷಣ ನಿಂತು ಆ ಮೂವರ ಬಾಲ್ಯವನ್ನು ಹೋಲಿಸಿ ನೋಡಬೇಕು. ಕಮಲ ಹಾಸನ್ ಸಹ ಬಾಲನಟರೇ. 1960ರ ‘ಕಳತ್ತೂರ್ ಕಣ್ಣಮ್ಮ’ ಚಿತ್ರದ ಅಭಿನಯಕ್ಕಾಗಿ ರಾಷ್ಟ್ರಪತಿಗಳ ಚಿನ್ನದ ಪದಕವನ್ನು ಪಡೆದ ಹುಡುಗ. ಆದರೆ ಕೆಲವು ಚಿತ್ರಗಳ ತರುವಾಯ ಅವರಿಗೆ ದೀರ್ಘಕಾಲದ ಬಿಡುವು ದೊರೆಯಿತು. ಆ ಅವಧಿಯಲ್ಲಿ ಅವರು ರಂಗಭೂಮಿಯಲ್ಲಿ ದುಡಿದರು, ನೃತ್ಯವನ್ನು ಕಲಿತರು, ನೃತ್ಯ ನಿರ್ದೇಶಕರಿಗೆ ಸಹಾಯಕರಾದರು. 1970ರ ದಶಕದಲ್ಲಿ ಮತ್ತೆ ಪಾತ್ರಗಳಿಗೆ ಬಂದಾಗ ಅವರು ತರುಣರು. ನಮ್ಮವರೇ ಆದ ಪುನೀತ್ ರಾಜಕುಮಾರರ ಉದಾಹರಣೆಯೂ ಅಂತಹುದೇ. 1985ರ ‘ಬೆಟ್ಟದ ಹೂವು’ ಚಿತ್ರಕ್ಕಾಗಿ ಶ್ರೇಷ್ಠ ಬಾಲನಟನೆಂದು ರಾಷ್ಟ್ರ ಪ್ರಶಸ್ತಿಯನ್ನು ಪಡೆದ ಅವರು, 1989ರ ‘ಪರಶುರಾಮ್’ ಚಿತ್ರದ ತರುವಾಯ ತೆರೆಯಿಂದ ಮರೆಯಾಗಿ, 2002ರಲ್ಲಿ ‘ಅಪ್ಪು’ ಚಿತ್ರದ ನಾಯಕರಾಗಿ ಬಂದಾಗ ಇಪ್ಪತ್ತೇಳು ವರುಷದವರು. ಗಂಡುಮಗನಿಗೆ ಮೀಸೆ ಮೂಡುವವರೆಗೆ, ಹೆಗಲು ಬಲಿಯುವವರೆಗೆ ಚಿತ್ರರಂಗ ಕಾಯಿತು. ಹೆಣ್ಣುಮಗಳಿಗಾಗಿ ಅದು ಕಾಯಲಿಲ್ಲ. ಹನ್ನೊಂದಕ್ಕೆ ಸಂತೆ, ಹದಿಮೂರಕ್ಕೆ ಮಲತಾಯಿ. ನಡುವಿನ ಬಿಡುವು ಎಲ್ಲಿ?

ಶ್ರೀದೇವಿಯವರೇ ಮುಂದೆ ಇದನ್ನು ಸಂದರ್ಶನಗಳಲ್ಲಿ ಹೇಳಿಕೊಂಡುದುಂಟು. ಬಾಲನಟಿಯಾಗಿದ್ದವಳು ನಡುವೆ ವಿರಾಮವಿಲ್ಲದೆ ನೇರವಾಗಿ ನಾಯಕಿಯಾದುದನ್ನೂ, ಶಾಲೆ ಕಾಲೇಜುಗಳ ಬಾಳು ತಮಗೆ ತಪ್ಪಿಹೋದುದನ್ನೂ ಅವರು ಶಾಂತವಾಗಿಯೇ ನೆನೆದರು, ಯಾರನ್ನೂ ದೂರಲಿಲ್ಲ.

ಚಲಚ್ಚಿತ್ರವೊಂದನ್ನೇ ಅಪರಾಧಿಯೆಂದು ನಿಲ್ಲಿಸುವುದೂ ನ್ಯಾಯವಲ್ಲ. ಆ ಕಾಲದ ಕಾಯದೆಯನ್ನು ನೋಡಿರಿ. ಹೆಣ್ಣಿನ ವಿವಾಹಕ್ಕೆ ಕನಿಷ್ಠ ವಯಸ್ಸು 1929ರ ಶಾರದಾ ಕಾಯದೆಯಂತೆ ಹದಿನಾಲ್ಕು. 1949ರಲ್ಲಿ ಅದು ಹದಿನೈದಾಯಿತು. ಹದಿನೆಂಟಕ್ಕೆ ಏರಿದುದು 1978ರಲ್ಲಿ. ಅಂದರೆ ಶ್ರೀದೇವಿ ನಾಯಕಿಯಾದ ವರುಷದಲ್ಲಿ ಹದಿನೈದರ ಬಾಲೆಯನ್ನು ವಧುವೆಂದು ದೇಶದ ಕಾಯದೆಯೇ ಒಪ್ಪಿತ್ತು. ಹಳ್ಳಿಗಳಲ್ಲಿ ಅದಕ್ಕೂ ಎಳೆಯರಿಗೆ ಬಾಸಿಂಗ ಕಟ್ಟುತ್ತಿದ್ದುದನ್ನು ನಮ್ಮ ಮನೆಗಳ ಅಜ್ಜಿಯರೇ ಹೇಳಬಲ್ಲರು. ಮನೆಯಲ್ಲಿ ಲಂಗ ಬಿಡಿಸಿ ಸೀರೆ ಉಡಿಸಿದೊಡನೆ ಬಾಲ್ಯ ಮುಗಿಯಿತೆಂದು ನಂಬಿದ್ದ ಸಮಾಜಕ್ಕೆ ತೆರೆಯ ಮೇಲೆಯೂ ಅದೇ ಕಂಡಿತು.

ಕೊಳ್ಳೇಗಾಲದ ಕಡೆಯ ಮಯಿಲು

1977ರಲ್ಲಿ ಭಾರತಿರಾಜರು ‘16 ವಯದಿನಿಲೆ’ ಎಂಬ ಚಿತ್ರವನ್ನು ತೆಗೆದರು. ತಮಿಳು ಹಳ್ಳಿಯ ಕಥೆ. ಆದರೆ ಚಿತ್ರೀಕರಣ ನಡೆದುದು ಬಹುತೇಕ ಮೈಸೂರು, ಕೊಳ್ಳೇಗಾಲಗಳ ಸುತ್ತಿನಲ್ಲಿ. ಕೊಳ್ಳೇಗಾಲ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದ್ರಾಸ್ ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ತಾಲ್ಲೂಕು. ಗಡಿಯ ಗೆರೆ ಸರಿದು ಕನ್ನಡ ನಾಡಿನ ಒಳಗೆ ಬಂದ ಪ್ರದೇಶ. ಆ ಗೆರೆ ಎತ್ತ ಸರಿದರೂ ಅಲ್ಲಿಯ ಕೆಮ್ಮಣ್ಣಿನ ಹಾದಿ, ಹೊಲದ ಬದು, ಹೆಂಚಿನ ಮನೆ ಬದಲಾಗಲಿಲ್ಲವಷ್ಟೆ. ತಮಿಳರು ಅದನ್ನು ತಮ್ಮ ಹಳ್ಳಿಯೆಂದು ನಂಬಿ ನೋಡಿದರು. ಚಿತ್ರ ಅಪಾರ ಯಶಸ್ಸನ್ನು ಪಡೆಯಿತು. ಮಹಲು, ಉದ್ಯಾನಗಳನ್ನು ಕಟ್ಟಿ ಚಿತ್ರ ತೆಗೆಯುವ ಪದ್ಧತಿಯಿಂದ ಹಳ್ಳಿಯ ಬಯಲಿಗೆ ತಮಿಳು ಚಿತ್ರರಂಗ ತಿರುಗಿದುದು ಈ ಚಿತ್ರದಿಂದ ಎಂದು ಚರಿತ್ರಕಾರರು ಹೇಳುವರು. ಕನ್ನಡಿಗರ ಮನೆಮಾತಾದ ಎಸ್. ಜಾನಕಿಯವರಿಗೆ ಶ್ರೇಷ್ಠ ಗಾಯಕಿಯೆಂಬ ರಾಷ್ಟ್ರ ಪ್ರಶಸ್ತಿ ಮೊದಲ ಬಾರಿಗೆ ದೊರೆತುದೂ ಈ ಚಿತ್ರದ ಹಾಡಿಗಾಗಿಯೇ.

ಅದರಲ್ಲಿ ಶ್ರೀದೇವಿಯದು ಮಯಿಲು ಎಂಬ ಹದಿನಾರರ ಹಳ್ಳಿಯ ಹುಡುಗಿಯ ಪಾತ್ರ. ಶಾಲೆ ಓದಿ ಉಪಾಧ್ಯಾಯಿನಿಯಾಗಬೇಕೆಂಬ ಹಂಬಲ ಅವಳದು. ಪಟ್ಟಣದಿಂದ ಬಂದ ವೈದ್ಯನ ಮೋಹಕ್ಕೆ ಒಳಗಾಗಿ ವಂಚಿತಳಾಗುವಳು. ಊರಿನವರು ಕಡೆಗಣಿಸಿದ ಚಪ್ಪಾಣಿಯ ಸರಳ ಹೃದಯವನ್ನು ತಡವಾಗಿ ಅರಿತುಕೊಳ್ಳುವಳು. ಚಿತ್ರ ತೆರೆಕಾಣುವಾಗ ನಟಿಗೆ ಹದಿನಾಲ್ಕು ತುಂಬಿ ಒಂದು ತಿಂಗಳು. ತಾನು ಶಾಲೆಯ ಮೆಟ್ಟಿಲನ್ನು ಬಿಟ್ಟುಬಂದ ಬಾಲೆ, ಶಾಲೆಯ ಮೆಟ್ಟಿಲನ್ನೇ ಬಯಸುವ ಹುಡುಗಿಯ ಪಾತ್ರವನ್ನು ಧರಿಸಿದಳು. ಆ ಮುಖದಲ್ಲಿ ಕಾಣುವ ಕನಸಿಗೂ ಬೆದರಿಕೆಗೂ ಹೆಚ್ಚಿನ ಬಣ್ಣ ಬೇಕಾಗಿರಲಿಲ್ಲ.

ಇದೇ ಕಥೆ ಮರುವರುಷ ತೆಲುಗಿನಲ್ಲಿ, 1979ರಲ್ಲಿ ಹಿಂದಿಯಲ್ಲಿ ಬಂದಾಗಲೂ ಶ್ರೀದೇವಿಯೇ ನಾಯಕಿ. 1978ರಲ್ಲಿ ‘ಪ್ರಿಯಾ’ ತಮಿಳು ಮತ್ತು ಕನ್ನಡ ಎರಡರಲ್ಲಿಯೂ ಸಿದ್ಧವಾಯಿತು; ರಜನೀಕಾಂತ್, ಅಂಬರೀಷರೊಂದಿಗೆ ಆಕೆ ಅದರಲ್ಲಿ ಕಾಣಿಸಿಕೊಂಡರು. ಮುಕ್ತಾಬಾಯಿಯಾಗಿ ಕೈಮುಗಿಸಿಕೊಂಡ ಬಾಲೆಯನ್ನು ಕನ್ನಡ ಪ್ರೇಕ್ಷಕರು ನಾಲ್ಕೇ ವರುಷಗಳಲ್ಲಿ ನಾಯಕಿಯಾಗಿ ಕಂಡರು.

ದಡ ಸೇರದ ದೋಣಿ

ಯಶಸ್ಸನ್ನು ಪಡೆದವರ ಕಥೆಯನ್ನು ಮಾತ್ರ ಹೇಳಿದರೆ ಚರಿತ್ರೆ ಅರ್ಧವಾಗುವುದು. ಶ್ರೀದೇವಿಗಿಂತ ಒಂದು ವರುಷ ಹಿರಿಯಳಾದ ಇನ್ನೊಬ್ಬ ಬಾಲನಟಿ ಅದೇ ಕಾಲದಲ್ಲಿ ಅದೇ ಹಾದಿಯಲ್ಲಿ ನಡೆಯುತ್ತಿದ್ದಳು. ಬೇಬಿ ಮಹಾಲಕ್ಷ್ಮಿ ಎಂಬ ಹೆಸರಿನಿಂದ 1966ರಲ್ಲಿ ತೆರೆಗೆ ಬಂದ ಆ ಬಾಲೆಯೇ ಶೋಭಾ. ಬಾಲು ಮಹೇಂದ್ರರು ನಿರ್ದೇಶಿಸಿದ ಮೊದಲ ಚಿತ್ರ ಕನ್ನಡದ ‘ಕೋಕಿಲ’ (1977). ಅದರ ನಾಯಕಿ ಶೋಭಾ, ನಾಯಕ ಕಮಲ ಹಾಸನ್. ಕಾಶೀನಾಥರ ‘ಅಪರಿಚಿತ’ (1978) ಚಿತ್ರದಲ್ಲಿಯೂ ಕನ್ನಡಿಗರು ಆಕೆಯನ್ನು ಕಂಡಿರುವರು. 1979ರ ‘ಪಸಿ’ ಎಂಬ ತಮಿಳು ಚಿತ್ರಕ್ಕಾಗಿ ದೇಶದ ಶ್ರೇಷ್ಠ ನಟಿಯೆಂಬ ರಾಷ್ಟ್ರ ಪ್ರಶಸ್ತಿ ಆಕೆಗೆ ಸಂದಿತು. 1980ರ ಮೇ 1ರಂದು, ಹದಿನೇಳರ ಹರೆಯದಲ್ಲಿ, ಆಕೆ ತನ್ನ ಬಾಳನ್ನು ತಾನೇ ಕೊನೆಗಾಣಿಸಿಕೊಂಡಳು. ಇತರರು ವಿದ್ಯಾರ್ಥಿನಿಯರಾಗಿರುವ ವಯಸ್ಸಿನಲ್ಲಿ ಆಕೆ ಬಾಲನಟಿ, ನಾಯಕಿ, ರಾಷ್ಟ್ರ ಪ್ರಶಸ್ತಿ ವಿಜೇತೆ ಎಲ್ಲವೂ ಆಗಿ ಮುಗಿದಿದ್ದಳು. ಈ ಸಾವಿನ ಕಾರಣಗಳನ್ನು ಕೆದಕುವುದು ನಮ್ಮ ಕೆಲಸವಲ್ಲ. ಆ ವಯಸ್ಸನ್ನು ಮಾತ್ರ ನಾವು ಮರೆಯಬಾರದು.

ಕೇತಿಯ ರೈಲು ನಿಲ್ದಾಣ

ಆ ಅಗಲಿಕೆಯ ನೋವಿನ ನೆರಳಿನಲ್ಲಿ ಬಾಲು ಮಹೇಂದ್ರರು ತೆಗೆದ ಚಿತ್ರ ‘ಮೂನ್ರಾಂ ಪಿರೈ’ (1982). ಅದರ ನಾಯಕಿ ಶ್ರೀದೇವಿ, ವಯಸ್ಸು ಹದಿನೆಂಟು. ನಾಯಕ ಕಮಲ ಹಾಸನ್. ಚಿತ್ರೀಕರಣದ ಬಹುಭಾಗ ನೀಲಗಿರಿಯ ಕೇತಿಯಲ್ಲಿ ನಡೆಯಿತು. ಕನ್ನಡದ ನಂಟುಳ್ಳ ನುಡಿಯನ್ನಾಡುವ ಬಡಗರ ಸೀಮೆಯದು. ನೀಲಗಿರಿಯ ಕನ್ನಡ ಬಂಧುಗಳಿಗೆ ಚಿರಪರಿಚಿತವಾದ ಊರು. ಗುಡ್ಡವನ್ನೇರುವ ಪುಟ್ಟ ರೈಲಿನ ಒಂದು ನಿಲ್ದಾಣ.

ಕಥೆಯ ನಾಯಕಿ ಅಪಘಾತದಲ್ಲಿ ಸ್ಮೃತಿಯನ್ನು ಕಳೆದುಕೊಂಡು, ದೇಹದಲ್ಲಿ ತರುಣಿಯಾಗಿದ್ದರೂ ಬುದ್ಧಿಯಲ್ಲಿ ಎಳೆಯ ಮಗುವಾಗುವಳು. ದುಷ್ಟರ ಕೈಗೆ ಸಿಕ್ಕಿದ್ದ ಅವಳನ್ನು ಒಬ್ಬ ಶಾಲಾ ಉಪಾಧ್ಯಾಯ ಪಾರುಮಾಡಿ ಕೇತಿಗೆ ಕರೆತಂದು ಸಲಹುವನು. ಆಕೆ ನಾಯಿಮರಿಯೊಂದಿಗೆ ಆಡುವಳು, ಹಟ ಹಿಡಿಯುವಳು, ಕಥೆ ಕೇಳುತ್ತ ನಿದ್ರಿಸುವಳು. ಚಿಕಿತ್ಸೆಯಿಂದ ಸ್ಮೃತಿ ಮರಳಿದಾಗ ನಡುವಿನ ದಿನಗಳೆಲ್ಲವೂ ಅಳಿಸಿಹೋಗುವುವು. ಮಳೆಯಲ್ಲಿ ತೊಯ್ದ ಕೇತಿಯ ನಿಲ್ದಾಣದಲ್ಲಿ ರೈಲು ಹೊರಡುವಾಗ ಆ ಉಪಾಧ್ಯಾಯ ತಲೆಯ ಮೇಲೆ ಪಾತ್ರೆಯನ್ನಿಟ್ಟುಕೊಂಡು ಕೋತಿಯಂತೆ ಕುಣಿದು ಹಳೆಯ ಆಟವನ್ನು ನೆನಪಿಗೆ ತರಲೆತ್ನಿಸುವನು. ಆಕೆ ಯಾರೋ ಭಿಕ್ಷುಕನೆಂದು ನೋಡಿ ಮುಖ ತಿರುಗಿಸುವಳು. ಈ ದೃಶ್ಯವನ್ನು ಕಂಡು ಕಣ್ಣೊರಸಿಕೊಳ್ಳದವರು ಕಡಿಮೆ.

ಬಾಲ್ಯದಲ್ಲಿ ಹಿರಿಯಳಾಗಿ ನಟಿಸಿದವಳು ಹರೆಯದಲ್ಲಿ ಮಗುವಾಗಿ ನಟಿಸಿದುದು ಈ ಚಿತ್ರದ ವಿಶೇಷ. ನಾಲ್ಕರಿಂದ ಹದಿನೆಂಟರವರೆಗೆ ದೀಪಗಳ ಮುಂದೆ ಬೆಳೆದ ಆಕೆ, ತನಗೆ ಪೂರ್ತಿಯಾಗಿ ದಕ್ಕದಿದ್ದ ಬಾಲ್ಯವನ್ನು ಅಭಿನಯದಲ್ಲಿ ಕಟ್ಟಿಕೊಟ್ಟಳು. ತೊದಲು, ಮುನಿಸು, ನಗು ಯಾವುದೂ ಹಾಸ್ಯಾಸ್ಪದವಾಗದೆ ಉಳಿದುದು ಆಕೆಯ ಸಂಯಮದ ಫಲ. ಚಿತ್ರಕ್ಕೆ ದೊರೆತ ರಾಷ್ಟ್ರ ಪ್ರಶಸ್ತಿಗಳು ಕಮಲ ಹಾಸನರ ಅಭಿನಯಕ್ಕೂ ಬಾಲು ಮಹೇಂದ್ರರ ಛಾಯಾಗ್ರಹಣಕ್ಕೂ ಸಂದುವು. 1983ರಲ್ಲಿ ಇದೇ ಕಥೆ ‘ಸದ್ಮಾ’ ಎಂದು ಹಿಂದಿಯಲ್ಲಿ ಬಂದಿತು. ಅಲ್ಲಿಗೆ ಬೇಬಿ ಶ್ರೀದೇವಿಯ ಕಥೆ ಮುಗಿದು ಶ್ರೀದೇವಿಯ ಕಥೆ ಮೊದಲಾಯಿತೆಂದು ನಾವು ಎಣಿಸುತ್ತೇವೆ.

ಎರವಲು ಧ್ವನಿ, ಸ್ವಂತ ಧ್ವನಿ

1983ರ ‘ಹಿಮ್ಮತ್‌ವಾಲಾ’ ಚಿತ್ರದಿಂದ ಶ್ರೀದೇವಿ ಹಿಂದಿ ಚಿತ್ರರಂಗದ ಅಗ್ರಶ್ರೇಣಿಗೆ ಏರಿದರು. ಆದರೆ ಹಿಂದಿ ಆಕೆಗೆ ಬರುತ್ತಿರಲಿಲ್ಲ. ಕಿವಿಯಿಂದ ಕೇಳಿ ಬಾಯಿಪಾಠ ಮಾಡಿ ತುಟಿ ಆಡಿಸುವುದು, ಧ್ವನಿ ಬೇರೊಬ್ಬರದು. ಹಲವು ಚಿತ್ರಗಳಲ್ಲಿ ಆ ಧ್ವನಿ ನಾಜ್ ಎಂಬ ನಟಿಯದು. ಈ ನಾಜ್ ಯಾರು? 1954ರ ‘ಬೂಟ್ ಪಾಲಿಶ್’ ಚಿತ್ರದಲ್ಲಿ ಅನಾಥ ಬಾಲಕಿಯಾಗಿ ನಟಿಸಿ, 1955ರ ಕಾನ್ ಚಿತ್ರೋತ್ಸವದಲ್ಲಿ ವಿಶೇಷ ಮನ್ನಣೆಯನ್ನು ಪಡೆದ ಬೇಬಿ ನಾಜ್! ಬಾಲ್ಯದಲ್ಲಿ ಲೋಕವೇ ಮೆಚ್ಚಿದರೂ ಬೆಳೆದ ಮೇಲೆ ಆಕೆಗೆ ದೊರೆತುವು ಹೆಚ್ಚಾಗಿ ಸಣ್ಣ ಪುಟ್ಟ ಪಾತ್ರಗಳು. ಪ್ರೌಢ ಪಾತ್ರಗಳ ದಡವನ್ನು ಸೇರದ ಬಾಲನಟಿಯೊಬ್ಬಳು, ಸೇರಿದ ಬಾಲನಟಿಗೆ ತನ್ನ ಕಂಠವನ್ನು ಎರವಲು ಕೊಟ್ಟಳು. 1986ರ ‘ಆಖ್ರೀ ರಾಸ್ತಾ’ ಚಿತ್ರದಲ್ಲಿ ಧ್ವನಿ ಕೊಟ್ಟವರು ರೇಖಾ. ಅವರೂ 1966ರ ತೆಲುಗು ಚಿತ್ರ ‘ರಂಗುಲ ರಾಟ್ನಂ’ನಲ್ಲಿ ಬಾಲನಟಿಯಾಗಿದ್ದವರು, ನಾಯಕಿಯಾದುದು 1969ರ ಕನ್ನಡ ಚಿತ್ರ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ರಲ್ಲಿ, ರಾಜಕುಮಾರರ ಎದುರು. ಆಗ ರೇಖಾರ ವಯಸ್ಸು ಹದಿನೈದರ ಆಸುಪಾಸು. ಅಲ್ಲಿಯೂ ಅದೇ ಆತುರ.

1989ರ ‘ಚಾಂದನಿ’ ಚಿತ್ರದಲ್ಲಿ ಶ್ರೀದೇವಿ ಹಿಂದಿಯಲ್ಲಿ ತಮ್ಮದೇ ಧ್ವನಿಯಿಂದ ಮಾತನಾಡಿದರು. ಇಪ್ಪತ್ತು ವರುಷಗಳ ಅಭಿನಯದ ತರುವಾಯ ಆ ಭಾಷೆ ಕೈಗೆ ಬಂದಿತು. ‘ಚಾಲ್‌ಬಾಜ್’ (1989), ‘ಲಮ್ಹೇ’ (1991) ಮುಂತಾದುವುಗಳಲ್ಲಿ ಆಕೆಯ ಕಲೆ ಪರಿಪಕ್ವವಾಗಿರುವುದನ್ನು ಕಾಣಬಹುದು.

1997ರ ‘ಜುದಾಯಿ’ ಚಿತ್ರದ ಅನಂತರ ಆಕೆ ಗೃಹಿಣಿಯಾಗಿ, ಇಬ್ಬರು ಹೆಣ್ಣುಮಕ್ಕಳ ತಾಯಿಯಾಗಿ, ಬಹುಮಟ್ಟಿಗೆ ಚಿತ್ರಗಳಿಂದ ದೂರವಾದರು. ಕಮಲ ಹಾಸನ್, ಪುನೀತರಿಗೆ ಎಳೆವೆಯಲ್ಲಿ ದೊರೆತ ಬಿಡುವು ಆಕೆಗೆ ದೊರೆತುದು ಮೂವತ್ತಮೂರರ ಮೇಲೆ. ಹದಿನೈದು ವರುಷಗಳ ತರುವಾಯ, 2012ರಲ್ಲಿ, ಗೌರಿ ಶಿಂಧೆಯವರ ‘ಇಂಗ್ಲಿಷ್ ವಿಂಗ್ಲಿಷ್’ ಚಿತ್ರದಿಂದ ಆಕೆ ಮರಳಿದರು. ಲಾಡು ಮಾಡಿ ಮಾರುವ ಮರಾಠೀ ಗೃಹಿಣಿ ಶಶಿ ಗೋಡಬೋಲೆಯ ಕಥೆಯದು. ಇಂಗ್ಲಿಷು ಬಾರದುದಕ್ಕಾಗಿ ಗಂಡನೂ ಮಗಳೂ ಆಕೆಯನ್ನು ಹಗುರಾಗಿ ಕಾಣುವರು. ಮಗಳ ಶಾಲೆಯಲ್ಲಿ ತಾಯಿ ತಲೆತಗ್ಗಿಸಿ ನಿಲ್ಲುವ ಸನ್ನಿವೇಶ ಗಡಿನಾಡಿನ ಕನ್ನಡ ಮಾಧ್ಯಮದ ಮನೆಗಳಿಗೆ ಹೊಸದಲ್ಲ. ಮನೆಯಲ್ಲಿ ಒಂದು ನುಡಿ, ಕಚೇರಿಯಲ್ಲಿ ಇನ್ನೊಂದು, ಕಾಲೇಜಿನಲ್ಲಿ ಮತ್ತೊಂದು ಎಂದು ಬಾಳುತ್ತಿರುವವರು ನಾವು. ನಾಲ್ಕರಿಂದಲೇ ಪರಭಾಷೆಗಳನ್ನು ಕಿವಿಯಿಂದ ಕಲಿತು ದುಡಿದ ನಟಿಯೇ ಆ ಪಾತ್ರವನ್ನು ಧರಿಸಿದುದರಿಂದ ಅದಕ್ಕೆ ಅಷ್ಟೊಂದು ಸತ್ಯ ಬಂದಿತು.

2013ರಲ್ಲಿ ಪದ್ಮಶ್ರೀ ಗೌರವ ದೊರೆಯಿತು. 2017ರ ‘ಮಾಮ್’ ಚಿತ್ರದಲ್ಲಿ ಆಕೆಯದು ಮಲತಾಯಿಯ ಪಾತ್ರ. ಹದಿಮೂರರಲ್ಲಿ ಧರಿಸಿದ್ದ ಅದೇ ಸಂಬಂಧದ ಪಾತ್ರವನ್ನು ಆ ವಯಸ್ಸಿಗೆ ತಕ್ಕ ಅನುಭವದೊಂದಿಗೆ ಮತ್ತೆ ಧರಿಸಿದರು. 2018ರ ಫೆಬ್ರವರಿ 24ರಂದು ದುಬೈಯಲ್ಲಿ ಆಕೆ ನಿಧನ ಹೊಂದಿದರು. ಶ್ರೇಷ್ಠ ನಟಿಯೆಂಬ ರಾಷ್ಟ್ರ ಪ್ರಶಸ್ತಿ ‘ಮಾಮ್’ ಚಿತ್ರಕ್ಕಾಗಿ ಆ ವರುಷವೇ ಮರಣೋತ್ತರವಾಗಿ ಪ್ರಕಟವಾಯಿತು.

ಕಾಯದೆಯೂ ಮನೆಯೂ

ಬಾಲನಟರ ಹಿತರಕ್ಷಣೆ ಲೋಕಕ್ಕೆ ತಡವಾಗಿ ಹೊಳೆದ ವಿಚಾರ. ಚಾಪ್ಲಿನ್ನರ ‘ದಿ ಕಿಡ್’ (1921) ಚಿತ್ರದ ಬಾಲಕ ಜಾಕಿ ಕೂಗನ್ ದೊಡ್ಡವನಾದಾಗ ತನ್ನ ಸಂಪಾದನೆಯಲ್ಲಿ ಬಹುಭಾಗ ಹೆತ್ತವಳಿಂದಲೂ ಮಲತಂದೆಯಿಂದಲೂ ವೆಚ್ಚವಾಗಿದ್ದುದನ್ನು ಕಂಡು ನ್ಯಾಯಾಲಯಕ್ಕೆ ಹೋದನು. ಅದರ ಫಲವಾಗಿ 1939ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳ ಗಳಿಕೆಯ ಒಂದು ಭಾಗವನ್ನು ಕಾದಿಡುವ ಕಾಯದೆ ಆಯಿತು. ನಮ್ಮ ದೇಶದಲ್ಲಿ ಬಾಲಕಾರ್ಮಿಕ ಕಾಯದೆಯ 2016ರ ತಿದ್ದುಪಡಿಯೂ 2017ರ ನಿಯಮಗಳೂ ಬಾಲಕಲಾವಿದರ ವಿಷಯದಲ್ಲಿ ಸ್ಪಷ್ಟ ಕಟ್ಟಳೆಗಳನ್ನು ವಿಧಿಸಿವೆ. ದಿನಕ್ಕೆ ಐದು ಗಂಟೆಗೆ ಮೀರಿ, ವಿಶ್ರಾಂತಿಯಿಲ್ಲದೆ ಮೂರು ಗಂಟೆಗೆ ಮೀರಿ ಮಗುವನ್ನು ದುಡಿಸಕೂಡದು, ಸತತವಾಗಿ 27 ದಿನಗಳಿಗೆ ಮೀರಕೂಡದು, ಜಿಲ್ಲಾ ದಂಡಾಧಿಕಾರಿಗಳ ಅನುಮತಿ ಬೇಕು, ಓದು ನಿಲ್ಲಕೂಡದು, ಗಳಿಕೆಯಲ್ಲಿ ಕನಿಷ್ಠ ಶೇಕಡಾ 20ನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನಲ್ಲಿ ಠೇವಣಿ ಇಡಬೇಕು. ಶ್ರೀದೇವಿಯೂ ಶೋಭಾಳೂ ಬೇಬಿಯರಾಗಿದ್ದ ಕಾಲದಲ್ಲಿ ಇಂತಹ ರಕ್ಷೆಯಿರಲಿಲ್ಲ.

ಕಾಯದೆ ಹೊತ್ತನ್ನು ಅಳೆಯಬಲ್ಲುದು, ಹಣವನ್ನು ಕಾದಿಡಬಲ್ಲುದು. ಆದರೆ ಬಾಲ್ಯಕ್ಕೂ ಯೌವನಕ್ಕೂ ನಡುವೆ ಇರಬೇಕಾದ ಆ ಬಿಡುವನ್ನು ಕೊಡಬೇಕಾದವರು ಮನೆಯವರೇ. ಇಂದು ಚಿಕ್ಕ ಮಕ್ಕಳನ್ನು ಹಾಡಿಸಿ ಕುಣಿಸಿ ಕೈಯ ದೂರವಾಣಿಯ ಪುಟ್ಟ ತೆರೆಯ ಮೇಲೆ ಊರಿಗೆಲ್ಲ ತೋರಿಸುವ ಹವ್ಯಾಸ ನಮ್ಮ ಹಳ್ಳಿಗಳಿಗೂ ಬಂದಿದೆ. ಅಲ್ಲಿ ಜಿಲ್ಲಾ ದಂಡಾಧಿಕಾರಿಗಳ ಕಣ್ಣು ಬೀಳುವುದು ಅಪರೂಪ. ಶಾಲೆಯ ಗ್ಯಾದರಿಂಗಿನಲ್ಲಿ, ಸಂಘದ ವಾರ್ಷಿಕೋತ್ಸವದಲ್ಲಿ ನಮ್ಮ ಹೆಣ್ಣುಮಕ್ಕಳು ಕನ್ನಡದ ಪದವನ್ನು ಹಾಡಲಿ, ಕನ್ನಡದ ನಾಟಕವನ್ನು ಆಡಲಿ. ಈ ಗಡಿಯಲ್ಲಿ ನುಡಿ ಉಳಿದುದು ಅಂತಹ ವೇದಿಕೆಗಳಿಂದಲೂ ಹೌದು. ಆದರೆ ಹತ್ತರ ಬಾಲೆಗೆ ಹತ್ತರ ಪಾತ್ರವನ್ನೇ ಕೊಡೋಣ. ಹದಿಮೂರರವಳು ಹದಿಮೂರರವಳಾಗಿಯೇ ಇರಲಿ. ಅವಳು ಒಂದೆರಡು ವರುಷ ವೇದಿಕೆ ಬೇಡವೆಂದರೆ ಒತ್ತಾಯಿಸದಿರೋಣ. ಪುಸ್ತಕ ಹಿಡಿದು ಮೂಲೆಯಲ್ಲಿ ಕೂತರೆ ಕೂರಲಿ.

ಶ್ರೀದೇವಿಯವರ ಪ್ರತಿಭೆ ಅಸಾಧಾರಣವಾಗಿತ್ತು. ಅದು ಹಸಿಯಾಗಿದ್ದಾಗಲೇ ಹೊತ್ತ ಭಾರವನ್ನು ತಾಳಿಕೊಂಡಿತು. ಎಲ್ಲ ಗಡಿಗೆಗಳೂ ತಾಳುವುದಿಲ್ಲವೆಂಬುದನ್ನು ಶೋಭಾಳ ಬಾಳು ಹೇಳುವುದು. ಮಣ್ಣನ್ನು ಹದಮಾಡಿ, ತಟ್ಟಿ, ನೆರಳಿನಲ್ಲಿ ಒಣಗಿಸಿದ ಮೇಲೆಯೇ ಆವಿಗೆಗೆ ಇಡಬೇಕೆಂಬುದನ್ನು ತೇರದ ಕುಂಬಾರರು ಬಲ್ಲರು. ಸಿದ್ಧರಾಮೇಶ್ವರರ ಈ ಸೊನ್ನಲಿಗೆಯಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಆ ನೆರಳಿನ ಕಾಲ ಕೊರತೆಯಿಲ್ಲದೆ ದೊರೆಯಲೆಂದು ನಾವು ಹಾರೈಸುತ್ತೇವೆ.